ಹಳದಿ ಕಾರಿನ ಕಣ್ಣು ಮುಚ್ಚಿದ್ದು

ಆ ಹಳದಿ ಕಾರು ನನ್ನ ಶೆಡ್ಡಿಗೆ ಬಂದಾಗ ಅದಕ್ಕೆ ಕಣ್ಣಿದ್ದವು. ಹೋಗುವಾಗ ಇರಲಿಲ್ಲ. ನಡುವೆ ಏನೇನಾಯಿತು ಅಂತ ಬರೆದಿಡು ತಾತ ಅಂದಳು ಮೊಮ್ಮಗಳು. ಅವಳು ಹೇಳಿದರೆ ನಾನು ಹಾಳು ಬಾವಿಗೂ ಇಳಿಯುವವನು. ಓದಿದ್ದು ನಾಲ್ಕನೇ ಕ್ಲಾಸು, ಅದರಲ್ಲೂ ಅರ್ಧ ಎಮ್ಮೆಯ ಹಿಂದೆ. ಸುತ್ತಿಗೆ ಹಿಡಿದ ಕೈಗೆ ಪೆನ್ನು ನಿಲ್ಲುವುದಿಲ್ಲ, ಆದರೂ ಬರೆಯುತ್ತೇನೆ.

ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆ ಬದಿಯಲ್ಲಿ ನನ್ನ ಶೆಡ್ಡು. ಗುದ್ದಿಸಿಕೊಂಡು ಬಂದ ಗಾಡಿಗಳ ತಗಡು ಬಡಿದು ನೆಟ್ಟಗೆ ಮಾಡುವುದು ನನ್ನ ಕೆಲಸ. ಪಕ್ಕದಲ್ಲೇ ಹೊಗೆಸೊಪ್ಪಿನ ಗೋಡೌನು. ಹಂಗಾಮಿನಲ್ಲಿ ಅಲ್ಲಿ ಹೆಂಗಸರು ಸಾಲಾಗಿ ಕೂತು, ಬೇಯಿಸಿದ ಎಲೆಯನ್ನು ಬಣ್ಣ ನೋಡಿ ಬೇರೆ ಬೇರೆ ಮಾಡುತ್ತಾರೆ. ದೀಪಾವಳಿ ಕಳೆದ ಮೇಲೆ ಒಂದು ದಿನ, ಅವರ ಟೀ ಹೊತ್ತಿಗೆ ಸರಿಯಾಗಿ, ಕೊಡಗಿನ ಕಡೆಯಿಂದ ಕಂಪಲಾಪುರ ದಾಟಿಕೊಂಡು ಆ ಕಾರು ಬಂತು. ಹೊರದೇಶದ್ದು, ಎರಡೇ ಸೀಟು, ಮೊಣಕಾಲೆತ್ತರದ ಮೂತಿ. ಗೋಡೆಗೆ ಅಂಟಿದ ಹಲ್ಲಿ ನೆಲಕ್ಕಿಳಿದ ಹಾಗೆ.

ಬಾಗಿಲು ತೆಗೆದು ಇಳಿದವರು ನನಗಿಂತ ಒಂದೆರಡು ವರ್ಷ ದೊಡ್ಡ ಹೆಂಗಸು. ಕತ್ತರಿಸಿದ ಬಿಳಿ ಕೂದಲು, ಖಾಕಿ ಪ್ಯಾಂಟು. ಕಾಫಿ ತೋಟದವರು. ಅವರನ್ನು ತೋಟದ ಅಮ್ಮ ಅಂತಲೇ ಕರೆಯುತ್ತೇನೆ.

"ಮಿಸ್ತ್ರಿ ಯಾರು?"

"ನಾನೇ ಕಣಮ್ಮ."

"ಈ ಮುಚ್ಚಳ ನೋಡು."

ಆಗ ಗಮನಿಸಿದೆ. ಕಾರಿನ ಮುಂದೆ ಲೈಟೇ ಇಲ್ಲ. ಬಾನೆಟ್ಟಿನ ಎರಡು ಮೂಲೆಯಲ್ಲಿ ಎರಡು ತಗಡಿನ ಮುಚ್ಚಳ ಮಾತ್ರ. ಅಮ್ಮ ಒಳಗೆ ಬಗ್ಗಿ ಒಂದು ಸ್ವಿಚ್ಚು ಒತ್ತಿದರು. ಸಣ್ಣದಾಗಿ ಮೋಟಾರು ಕೂಗಿತು. ಮುಚ್ಚಳಗಳು ಮುಂಗಡೆಯಿಂದ ಎದ್ದು, ಅವುಗಳ ಅಡಿಯಿಂದ ಗುಂಡು ದೀಪ ಎರಡು ಹೊರಗೆ ಬಂದವು. ಕೆಸರಲ್ಲಿ ಕೂತ ಕಪ್ಪೆ ಕಣ್ಣು ಬಿಟ್ಟ ಹಾಗೆ.

ಗೋಡೌನಿನ ಹೆಂಗಸರೆಲ್ಲ ಟೀ ಲೋಟ ಹಿಡಿದೇ ಓಡಿ ಬಂದರು. ಅವರಲ್ಲಿ ಮೂಗುತಿಯವಳು ಒಬ್ಬಳಿದ್ದಾಳೆ. ಆ ಬಾಯಿಗೆ ಹೊಗೆಸೊಪ್ಪಿನ ಏಜೆಂಟರೇ ಹೆದರುತ್ತಾರೆ.

"ಅಯ್ಯಯ್ಯೋ, ಕಣ್ ಬುಡ್ತು ಕಣ್ರೇ! ಏನ್ ಮಿಸ್ತ್ರಣ್ಣ, ನಿನ್ ಎಡ್ತಿ ನಿನ್ನ ಕಂಡ್ರೆ ಕಣ್ ಮುಚ್ಕತಾಳೆ, ಈ ಕಾರು ನಿನ್ ನೋಡಿ ಕಣ್ ಬುಡ್ತದಲ್ಲ!"

ಅಮ್ಮ ನಕ್ಕು ಮತ್ತೆ ಸ್ವಿಚ್ಚು ಒತ್ತಿದರು. ಕಣ್ಣು ಮುಚ್ಚಿತು. "ಇನ್ನೊಂದ್ ಸಲ, ಇನ್ನೊಂದ್ ಸಲ" ಅಂತ ಹೆಂಗಸರು. ಅಷ್ಟು ವಯಸ್ಸಿನ ಅಮ್ಮ ಮಕ್ಕಳಿಗೆ ಗಿಲಕಿ ಆಡಿಸಿದ ಹಾಗೆ ಆಡಿಸುತ್ತಲೇ ಇದ್ದರು. ಆ ಸ್ವಿಚ್ಚಿನ ಮೇಲೆ ಅವರ ಬೆರಳು ತಾನೇ ತಾನಾಗಿ ಹೋಗುತ್ತಿತ್ತು, ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಳ್ಳುವಷ್ಟು ಸಲೀಸಾಗಿ. ಆಗ ನನಗೆ ಅದು ತಮಾಷೆ ಅನಿಸಿತ್ತು.

ಕೆಲಸ ಏನಪ್ಪಾ ಅಂದರೆ ಇದು. ಸಂಕ್ರಾಂತಿ ಕಳೆದ ಮೇಲೆ, ಯಾವುದೋ ಜಿಲ್ಲೆಯ ಹಳೇ ವಿಮಾನ ನಿಲ್ದಾಣದ ರನ್‌ವೇಯಲ್ಲಿ ಕಾರು ಓಡಿಸುವ ಒಂದು ಕೂಟ. ಒಬ್ಬೊಬ್ಬರೇ ನೇರಕ್ಕೆ ಎಷ್ಟು ಸಾಧ್ಯವೋ ಅಷ್ಟು ಜೋರು ಓಡಿಸುವುದು.

"ನನಗೆ ಲೈಸೆನ್ಸ್ ಮುಂದಿನ ಸಲ ಸಿಗ್ತದೋ ಇಲ್ಲವೋ ಮಿಸ್ತ್ರಿ. ಇಷ್ಟು ವರ್ಷ ಇದನ್ನ ತೋಟದ ರಸ್ತೇಲಿ ಕಟ್ಟಿ ಹಾಕಿದ ಕುದುರೆ ಥರ ಓಡಿಸಿದೆ. ಒಂದ್ಸಲ ಪೂರ್ತಿ ಬಿಡಬೇಕು. ಆದ್ರೆ ಜೋರು ಹೋದ್ರೆ ಮೂತಿ ಹಗುರ ಆಗ್ತದೆ. ಸ್ಟೇರಿಂಗು ನೀರಲ್ಲಿ ತೇಲಿದ ಹಾಗೆ. ಈ ಮುಚ್ಚಳ ಬೇರೆ ಪಟಪಟ ಅಂತ ಹೊಡ್ಕೊಳ್ತವೆ. ನನಗೆ ಹೆದರಿಕೆ ಇಲ್ಲದೆ ಒಂದು ಸಲ ಓಡಿಸ್ಬೇಕು. ಅಷ್ಟೇ."

ನಾನು ಮೊಮ್ಮಗಳಿಗೆ ಫೋನು ಹಚ್ಚಿದೆ. ಅವಳು ನನ್ನ ಮಗಳ ಮಗಳು. ಮೈಸೂರಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಕಡೇ ವರ್ಷ. ಓಡುವ ಗಾಡಿಯ ಮೈಮೇಲೆ ಗಾಳಿ ಹೇಗೆ ಹರಿಯುತ್ತದೆ ಅನ್ನುವುದೇ ಅವಳ ಹುಚ್ಚು. ಪ್ರಾಜೆಕ್ಟಿಗೆ ಒಂದು ಒಳ್ಳೆ ಕಾರು ಸಿಗದೆ ಹಳೇ ಮಾರುತಿಯ ಡಿಕ್ಕಿ ಮೇಲೆ ಹಲಗೆ ಕಟ್ಟಿ ನೋಡುತ್ತಿದ್ದಳು.

"ತಾತ, ಏನಂದೆ? ಎದ್ದು ಕೂರೋ ಲೈಟಾ? ಪಾಪ್-ಅಪ್ಪಾ? ಯಾರೂ ಮುಟ್ಟಬೇಡಿ, ನಾನು ಬರ್ತೀನಿ!"

ಬಂದಳು. ಬಸ್ಸಿಂದ ಇಳಿದು ಬ್ಯಾಗು ನನ್ನ ಕೈಗೆಸೆದು, ನನ್ನ ಮುಖ ಸಹ ನೋಡದೆ ಕಾರಿನ ಮುಂದೆ ಮಂಡಿ ಊರಿ ಕೂತಳು. ನನಗೆ ಎದೆ ತುಂಬಿ ಬಂತು. ನಮ್ಮ ವಂಶದಲ್ಲಿ ಗಾಡಿ ಅಡಿಗೆ ನುಗ್ಗಿದವರು ಎಷ್ಟೋ ಜನ. ಪುಸ್ತಕ ಓದಿಕೊಂಡು ನುಗ್ಗಿದವಳು ಇವಳೊಬ್ಬಳೇ. ಮೂಗುತಿಯವಳು ಬೇಲಿ ಆಚೆಯಿಂದ, "ಮಿಸ್ತ್ರಣ್ಣನ ಮೂತಿ ನೋಡ್ರೇ, ಅದ್ಕೂ ಮುಚ್ಚಳ ಹಾಕ್ಬೇಕು, ಇಲ್ದಿದ್ರೆ ಹಲ್ಲೆಲ್ಲಾ ಉದುರೋಯ್ತವೆ" ಅಂದಳು. ಹೌದು, ನಗುತ್ತಲೇ ಇದ್ದೆ. ಈಗ ಹಿಂದಿರುಗಿ ನೋಡಿದರೆ ಆ ಸಂತೋಷವೇ ನನ್ನ ಕೈಯನ್ನು ಎಲ್ಲದರಲ್ಲೂ ಮುಂದಕ್ಕೆ ತಳ್ಳಿತು.

ಮೊದಲು ಅವಳು ಹೇಳಿದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ. ಕಾರಿನ ಮೂತಿ ತಗ್ಗಿದ್ದಷ್ಟೂ ಗಾಳಿ ಸಲೀಸಾಗಿ ಮೇಲೆ ಹರಿಯುತ್ತದೆ. ಆದರೆ ಲೈಟು ನೆಲದಿಂದ ಇಷ್ಟು ಎತ್ತರ ಇರಲೇಬೇಕು ಅಂತ ಕಾನೂನು. ತಗ್ಗಿದ ಮೂತಿಗೆ ಎತ್ತರದ ಲೈಟು ಹೇಗೆ ಕೂರಿಸುವುದು? ಅದಕ್ಕೇ ಹಗಲೆಲ್ಲ ಒಳಗೆ ಮಲಗಿಸಿ, ಕತ್ತಲಾದಾಗ ಎಬ್ಬಿಸುವ ಉಪಾಯ. ಎದ್ದಾಗ ಮಾತ್ರ ಗಾಳಿಗೆ ಅದು ಎರಡು ಇಟ್ಟಿಗೆ ಅಡ್ಡ ಇಟ್ಟ ಹಾಗೆ. ಈಗ ಸಣ್ಣ ಲೈಟು ಬಂದವು, ಮನುಷ್ಯರಿಗೆ ಬಡಿದರೆ ಏಟು ಕಮ್ಮಿ ಆಗಬೇಕು ಅನ್ನುವ ನಿಯಮವೂ ಬಂತು. ಹಾಗಾಗಿ ಇಂಥ ಕಣ್ಣಿನ ಕಾರು ಯಾರೂ ಮಾಡುವುದಿಲ್ಲ.

"ಹಂಗಾದ್ರೆ ಇವು ಕಡೇವು ಅನ್ನು," ಅಂದೆ.

"ಕಡೇವೇ ತಾತ. ಹುಷಾರು," ಅಂದಳು.

ಗಾವಡಗೆರೆ ಕಡೆ ಒಂದು ಹೊಸ ರಸ್ತೆ ಟಾರು ಹಾಕಿ ಇನ್ನೂ ಬಿಟ್ಟಿರಲಿಲ್ಲ. ಕಂಟ್ರಾಕ್ಟರಿಗೆ ಹೇಳಿ ಒಪ್ಪಿಸಿದೆವು. ಹುಣಸೂರಿನ ಅಂಗಡಿಯಿಂದ ಕೆಂಪು ಉಲ್ಲನ್ ದಾರ ತಂದಳು. ಬೆರಳುದ್ದ ಕತ್ತರಿಸಿ, ಒಂದು ತುದಿಗೆ ಮಾತ್ರ ಟೇಪು ಹಚ್ಚಿ, ಬಾನೆಟ್ಟು, ಮುಚ್ಚಳ, ಮುಂದಿನ ಗಾಜಿನ ಬುಡ ಎಲ್ಲ ಕಡೆ ಸಾಲಾಗಿ ಅಂಟಿಸಿದಳು. ಹಳದಿ ಕಾರಿಗೆ ಕೆಂಪು ರೋಮ ಬಂತು. ಅಮ್ಮ ಓಡಿಸುವುದು, ಪಕ್ಕದಲ್ಲಿ ನನ್ನ ಪಿಕಪ್ಪು, ಅದರಲ್ಲಿ ನಿಂತು ಮೊಮ್ಮಗಳು ವೀಡಿಯೋ ಹಿಡಿಯುವುದು.

ಲೈಟು ಎಬ್ಬಿಸಿ ಓಡಿಸಿದಾಗ ನೋಡಬೇಕಿತ್ತು. ಲೈಟಿನ ಹಿಂದಿದ್ದ ದಾರಗಳು ಹುಚ್ಚು ಹಿಡಿದ ಹಾಗೆ ಸುತ್ತುತ್ತಿದ್ದವು. ಕೆಲವಂತೂ ಉಲ್ಟಾ ತಿರುಗಿ ಗಾಳಿ ಬರುವ ಕಡೆಗೇ ಮುಖ ಮಾಡಿದ್ದವು. ಹೊಳೆಯಲ್ಲಿ ಬಂಡೆ ಹಿಂದೆ ನೀರು ಸುಳಿ ಆಗುತ್ತದಲ್ಲ, ಹಾಗೆ. ಆ ಸುಳಿ ಮುಂದಿನ ಗಾಜಿನವರೆಗೂ ಹೋಗುತ್ತಿತ್ತು. ಮಲಗಿಸಿ ಓಡಿಸಿದರೆ ಎಣ್ಣೆ ಹಚ್ಚಿ ಬಾಚಿದ ತಲೆ. ಎಲ್ಲ ದಾರವೂ ಹಿಂದಕ್ಕೆ ಒರಗಿ ಸುಮ್ಮನಾದವು.

ಆಮೇಲೆ ಇನ್ನೊಂದು ಪರೀಕ್ಷೆ. ಒಂದು ಮೋರಿಯ ಹತ್ತಿರ ಒಂದೇ ವೇಗಕ್ಕೆ ತಂದು ಗೇರು ತೆಗೆದು ನ್ಯೂಟ್ರಲ್ ಮಾಡುವುದು. ಬ್ರೇಕು ಮುಟ್ಟದೆ ಕಾರು ತಾನಾಗಿ ಎಲ್ಲಿ ನಿಲ್ಲುತ್ತದೋ ನೋಡುವುದು. ರಸ್ತೆಯ ಇಳಿಜಾರು, ಎದುರುಗಾಳಿ ಮೋಸ ಮಾಡಬಾರದು ಅಂತ ಆ ಕಡೆಯಿಂದಲೂ ಈ ಕಡೆಯಿಂದಲೂ ಮಾಡಿಸಿದಳು. ಲೈಟು ಎದ್ದಿದ್ದರೆ ಬೇಗ ನಿಲ್ಲುತ್ತಿತ್ತು. ಮಲಗಿದ್ದರೆ ಆ ಜಾಗ ದಾಟಿ ಹುಣಸೇಮರದ ನೆರಳಿನವರೆಗೂ ಉರುಳುತ್ತಿತ್ತು. ನಾನು ಸುಣ್ಣದಲ್ಲಿ ಗುರುತು ಹಾಕುತ್ತಾ ಓಡಿದೆ. ಮಂಡಿ ನೋವು ಅವತ್ತು ಎಲ್ಲಿಗೆ ಹೋಗಿತ್ತೋ.

ಆದರೆ ಅಮ್ಮನ ತೊಂದರೆ ಇನ್ನೂ ಬಗೆಹರಿದಿರಲಿಲ್ಲ. ಓಟಕ್ಕೆ ಹಗಲಲ್ಲಿ ಲೈಟು ಮಲಗಿಸಿಯೇ ಹೋಗುವುದು. ಮಲಗಿದಾಗಲೂ ಮುಚ್ಚಳ ಯಾಕೆ ಹೊಡೆದುಕೊಳ್ಳುತ್ತದೆ? ಮೂತಿ ಯಾಕೆ ತೇಲುತ್ತದೆ?

ನನ್ನ ಲೆಕ್ಕದಲ್ಲಿ ಗಾಳಿ ಕೆಳಗಿನಿಂದ, ರೇಡಿಯೇಟರ್ ಪಕ್ಕದ ಸಂದಿಯಿಂದ ನುಗ್ಗಿ ಮುಚ್ಚಳವನ್ನು ಒಳಗಿನಿಂದ ಎತ್ತುತ್ತಿದೆ. ತಗಡು ಕತ್ತರಿಸಿ ಆ ಸಂದಿಗಳನ್ನೆಲ್ಲ ಮುಚ್ಚಿದೆ. ಎರಡು ದಿನದ ಕೆಲಸ ದಂಡ. ಮುಚ್ಚಳ ಹಾಗೇ ಪಟಪಟ. ಆಮೇಲೆ ಮುಚ್ಚಳದ ಅಂಚಿಗೆ ರಬ್ಬರು ಬೀಡಿಂಗು ಕೂರಿಸಿದೆ. ಮುಚ್ಚಳ ಅಕ್ಕಿಕಾಳಿನಷ್ಟು ಎತ್ತರ ನಿಂತು ಇನ್ನೂ ಕೆಟ್ಟಿತು. ಮುಂದಿನ ಅಂಚಿನ ದಾರಗಳು ಮಲಗುವ ಬದಲು ನೆಟ್ಟಗೆ ಮೇಲಕ್ಕೆ ಎದ್ದು ನಿಂತವು.

ಮೊಮ್ಮಗಳು ಆ ವೀಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿದಳು. "ತಾತ, ಕೆಳಗಿಂದ ಯಾರೂ ತಳ್ತಾ ಇಲ್ಲ. ಮೇಲಿಂದ ಎಳೀತಾ ಇದೆ. ಮೂತಿ ಬಾಗಿರೋ ಕಡೆ ಗಾಳಿ ಜೋರಾಗಿ ಓಡುತ್ತೆ. ಜೋರಾಗಿ ಓಡಿದ ಕಡೆ ಒತ್ತಡ ಕಮ್ಮಿ. ಒಳಗಿನ ಗಾಳಿ ಸುಮ್ನೆ ಕೂತಿದೆ. ಅದಕ್ಕೆ ಮುಚ್ಚಳ ಮೇಲಕ್ಕೆ ಹೀರುತ್ತೆ."

"ಬ್ಯಾರನ್ನಿನ ತಗಡು!" ಅಂದೆ ನಾನು. ಹೊಗೆಸೊಪ್ಪು ಬೇಯಿಸುವ ಮನೆಗೆ ಬ್ಯಾರನ್ನು ಅನ್ನುತ್ತೇವೆ. ಬಿರುಗಾಳಿಗೆ ಅದರ ಚಾವಣಿ ತಗಡು ಹಾರಿ ಹೋದಾಗಲೆಲ್ಲ ಗಾಳಿ ಒಳಗೆ ನುಗ್ಗಿ ಎತ್ತಿತು ಅಂತಲೇ ನಾವು ಅಂದುಕೊಂಡಿದ್ದು. ಬಾಗಿಲು ಕಿಟಕಿ ಬಿಗಿಯಾಗಿ ಮುಚ್ಚಿದ್ದ ಬ್ಯಾರನ್ನಿನದೂ ಹಾರಿದ್ದನ್ನು ನಾನೇ ಕಂಡಿದ್ದೆ, ಯಾಕೆ ಅಂತ ಯೋಚಿಸಿರಲಿಲ್ಲ.

"ಅದೇ ತಾತ, ಅದೇ! ಇದು ನನ್ನ ರಿಪೋರ್ಟಿಗೆ ಬರೀತೀನಿ," ಅಂತ ನನ್ನ ಬೆನ್ನಿಗೆ ಗುದ್ದಿದಳು. ಮೂರು ದಿನ ನೆಲದ ಮೇಲೆ ನಡೆಯಲಿಲ್ಲ ನಾನು.

ಹೀರುವುದು ಎಲ್ಲ ಕಾರಿಗೂ ಇದ್ದದ್ದೇ. ಇದಕ್ಕೆ ಮಾತ್ರ ಮುಚ್ಚಳ ಏಳಲು ಕಾರಣ ಬೇರೆ: ಲೈಟು ಎತ್ತುವ ಮೋಟಾರಿನ ಗೇರು ಸವೆದು ಹಲ್ಲು ಸಡಿಲವಾಗಿ ಆಟ ಬಂದಿತ್ತು. ಆಟ ಇದ್ದಷ್ಟು ಮುಚ್ಚಳ ಏಳುತ್ತಿತ್ತು, ಎದ್ದ ಸಂದಿಯಲ್ಲಿ ಗಾಳಿ ಸೀಳಿ ಮೂತಿಯ ಮೇಲಿನ ಹರಿವೆಲ್ಲ ಕೆಡುತ್ತಿತ್ತು. ಬುಷ್ಷು ಬದಲಿಸಿದೆ. ತೆಳು ವಾಷರು ಹಾಕಿ ಆಟ ಕಳೆದೆ. ಮುಚ್ಚಳ ಕೆಳಕ್ಕೆ ಎಳೆದು ಹಿಡಿಯುವ ಹಾಗೆ ಒಂದೊಂದು ಸ್ಪ್ರಿಂಗು ಕೊಟ್ಟೆ. ಅಂಚನ್ನು ಸಣ್ಣ ಸುತ್ತಿಗೆಯಲ್ಲಿ ಬಡಿದು ಬಡಿದು, ಉಗುರು ಓಡಿಸಿದರೆ ಎಲ್ಲಿ ಬಾನೆಟ್ಟು ಮುಗಿಯಿತು ಎಲ್ಲಿ ಮುಚ್ಚಳ ಶುರುವಾಯಿತು ತಿಳಿಯಬಾರದು, ಹಾಗೆ ಕೂರಿಸಿದೆ. ಮತ್ತೆ ಗಾವಡಗೆರೆ ರಸ್ತೆ, ಮತ್ತೆ ದಾರ. ಒಂದು ದಾರವೂ ಏಳಲಿಲ್ಲ.

ಅಮ್ಮ ಇಳಿದು ಬಂದು, "ಮಿಸ್ತ್ರಿ, ನಾಗರಹಾವು ಹೆಡೆ ಇಳಿಸಿದ ಹಾಗೆ ಹೋಯ್ತು," ಅಂದರು.

ಅಲ್ಲಿಗೆ ಕೆಲಸ ಮುಗಿದಿತ್ತು. ಅಷ್ಟಕ್ಕೆ ಬಿಟ್ಟಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಗಾಡಿ ನಮ್ಮ ಶೆಡ್ಡಿನಿಂದ ಹೊರಡುವಾಗ ಪೂಜೆ ಮಾಡದೆ ನಾನು ಕಳಿಸಿದವನಲ್ಲ. ಸ್ಕೂಟರಿಗಾದರೂ ಒಂದು ನಿಂಬೆಹಣ್ಣು. ಇದು ಮೊಮ್ಮಗಳ ಪ್ರಾಜೆಕ್ಟಿನ ಕಾರು ಬೇರೆ ಅನ್ನುವ ಸಂಭ್ರಮ. ಮಾರುಕಟ್ಟೆಯಿಂದ ಸೇವಂತಿಗೆ ಹಾರ ತರಿಸಿದೆ, ಎತ್ತಿನ ಕೊರಳಿಗೆ ಹಾಕುವಷ್ಟು ಉದ್ದ, ದಪ್ಪ. ಕಣ್ಣು ಮುಚ್ಚಿದ ಗಾಡಿಗೆ ಪೂಜೆ ಮಾಡಬಾರದು ಅಂತ ಅಮ್ಮನಿಗೆ ಹೇಳಿ ಲೈಟು ಎಬ್ಬಿಸಿದೆ. ಎರಡು ಕಣ್ಣಿಗೂ ಗಂಧ, ಕುಂಕುಮ ಇಟ್ಟೆ. ಹಾರವನ್ನು ಈ ಕಣ್ಣಿನಿಂದ ಆ ಕಣ್ಣಿಗೆ ತೋರಣದ ಹಾಗೆ ಕಟ್ಟಿ, ಬೀಳಬಾರದು ಅಂತ ಅದರ ನೈಲಾನು ದಾರವನ್ನು ಲೈಟಿನ ಕುತ್ತಿಗೆಗೆ ಸುತ್ತಿ ಬಿಗಿದೆ. ಹೆಂಗಸರೆಲ್ಲ ಬಂದರು. ಮೂಗುತಿಯವಳೇ ಆರತಿ ಬೆಳಗಿದಳು. ಕುಂಬಳಕಾಯಿ ಒಡೆದೆವು. ನಿಂಬೆಹಣ್ಣು ಚಕ್ರದಡಿ ಇಟ್ಟು, "ಮುಂದಕ್ಕೆ ಬುಡಿ ಅಮ್ಮ," ಅಂದೆ.

ಅಮ್ಮ ಕೀ ತಿರುಗಿಸಿದರು. ಹೊರಡುವಾಗ ಲೈಟು ಮಲಗಿಸುವುದು ಅವರ ಬೆರಳಿನ ಅಭ್ಯಾಸ. ಬೆರಳು ಹೋಯಿತು.

ಎರಡು ಕಣ್ಣೂ ಕೆಳಗಿಳಿಯತೊಡಗಿದವು. ಹಾರದ ದಾರ ಒಳಗೆ ಎಳೆದುಕೊಂಡು ಹೋಗಿ ಮೋಟಾರಿನ ತೋಳಿಗೆ ಸುತ್ತಿತು. "ನಿಲ್ಸಿ ನಿಲ್ಸಿ!" ಅಂತ ನಾನು ಕೂಗುವಷ್ಟರಲ್ಲಿ ಕರಕರ ಅಂತ ಸದ್ದು, ಸೇವಂತಿಗೆ ಎಸಳು ಬಾನೆಟ್ಟಿನ ಮೇಲೆಲ್ಲ. ಮೊಮ್ಮಗಳು ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಎಡಗಣ್ಣು ಒಳಗೆ ಹೋಗಿತ್ತು. ಬಲಗಣ್ಣು ಅರ್ಧಕ್ಕೆ ಸೊಟ್ಟಗೆ ನಿಂತಿತ್ತು.

ಮೂಗುತಿಯವಳು ಮೆಲ್ಲಗೆ, "ನಿನ್ಗೆ ಕಣ್ ಹೊಡೀತಾ ಐತೆ ಕಣಾ ಮಿಸ್ತ್ರಣ್ಣ," ಅಂದಳು. ಅಮ್ಮನೇ ಮೊದಲು ನಕ್ಕರು. ನನಗೆ ನಗು ಬರಲಿಲ್ಲ.

"ನಿನ್ನ ದಾರ, ನನ್ನ ಬೆರಳು. ಇಬ್ಬರದೂ ಅಭ್ಯಾಸ ಮಿಸ್ತ್ರಿ, ಬಿಡು," ಅಂದರು ಅಮ್ಮ.

ಬಿಚ್ಚಿ ನೋಡಿದೆ. ಗೇರುಗಳು ಗಟ್ಟಿ ಪ್ಲಾಸ್ಟಿಕ್ಕಿನವು. ಎರಡರದೂ ಹಲ್ಲು ಉದುರಿ ಒಳಗೆ ಜೋಳದ ಪುಡಿಯ ಹಾಗೆ ಬಿದ್ದಿದ್ದವು. ಬಲಗಡೆಯ ಎತ್ತುವ ಸರಳು ಬಾಗಿತ್ತು. ಅದಕ್ಕಿಂತ ಕೆಟ್ಟದ್ದು ಮುಚ್ಚಳ: ಎರಡೂ ದಾರದ ಎಳೆತಕ್ಕೆ ತಿರುಚಿಕೊಂಡು, ನಾನು ಕೂತು ಬಡಿದಿದ್ದ ಅಂಚು ಅಲೆ ಅಲೆ ಆಗಿತ್ತು. ಆ ಕಾರಿನ ಸಾಮಾನು ಎಲ್ಲೂ ಸಿಗುವುದಿಲ್ಲ. ಮೊಮ್ಮಗಳು ಫೋನಿನಲ್ಲಿ ದೇಶವೆಲ್ಲ ಹುಡುಕಿದಳು. ಹೊರದೇಶದಿಂದ ತರಿಸಬಹುದು, ಆದರೆ ಯಾವಾಗ ಬರುತ್ತದೋ ಹೇಳುವವರಿಲ್ಲ.

ಕೆ.ಆರ್. ನಗರದಲ್ಲಿ ಅಕ್ಕಿ ಗಿರಣಿಗಳಿಗೆ ಗೇರು ಕಡೆಯುವವನೊಬ್ಬ ಇದ್ದಾನೆ. ಮುರಿದ ಗೇರು ತೆಗೆದುಕೊಂಡು ಬಸ್ಸು ಹತ್ತಿದೆ. ಅವನು ಅದನ್ನು ಕಣ್ಣ ಹತ್ತಿರ ಹಿಡಿದು ನೋಡಿದ.

"ಮಾಡಬಹುದು ಕಣಣ್ಣ. ಹಿತ್ತಾಳೆಯಲ್ಲಿ ಕಡೆದ್ರೆ ನಿನ್ ಮೊಮ್ಮಗಳ ಮೊಮ್ಮಗಳ ಕಾಲಕ್ಕೂ ಸವೆಯಲ್ಲ. ಆದ್ರೆ ಈಗ ಭತ್ತದ ಸುಗ್ಗಿ. ಸಾಲಿಗ್ರಾಮದ ಕಡೆಯವ್ರು ಗಿರಣಿ ನಿಂತು ಬಾಯ್ ಬಡ್ಕೊತಾವ್ರೆ. ನಿನ್ದು ಆಟದ ಸಾಮಾನು. ಸಂಕ್ರಾಂತಿ ಕಳೀಲಿ."

"ಸಂಕ್ರಾಂತಿ ಕಳೆದ ಕೂಡ್ಲೆ ಓಡಿಸ್ಬೇಕಲ್ಲಪ್ಪ."

"ಹಂಗಾದ್ರೆ ಆಗಲ್ಲ. ಕಾಯ್ತೀಯಾ?"

ಕಾಯುತ್ತೀಯಾ ಅಂದ. ಇವತ್ತಿಗೂ ಆ ಮಾತು ಕಿವಿಯಲ್ಲಿದೆ. ನೋಡೋಣ ಅಂದು ಮುರಿದ ಗೇರು ಅವನ ಹತ್ತಿರವೇ ಬಿಟ್ಟೆ. ವಾಪಸು ಬರುವಾಗ ಬಸ್ಸಿನ ಕಿಟಕಿಯಲ್ಲಿ ಗದ್ದೆ ಕೊಯ್ಲು ನೋಡುತ್ತಾ, ಕಾಯುವುದಿಲ್ಲ ಅಂತ ಮನಸ್ಸಿನಲ್ಲೇ ಆಗಲೇ ನಿರ್ಧರಿಸಿದ್ದೆ. ಕಾದರೆ ಅಮ್ಮನ ಓಟ ಹೋಗುತ್ತದೆ, ಮುಂದಿನ ವರ್ಷ ಅವರಿಗೆ ಲೈಸೆನ್ಸು ಇರುತ್ತದೋ ಇಲ್ಲವೋ. ಮೊಮ್ಮಗಳ ಪ್ರಾಜೆಕ್ಟಿಗೆ ರನ್‌ವೇ ಮೇಲಿನ ಓಟವೇ ಕಳಶ, ಅದೂ ಹೋಗುತ್ತದೆ.

ಮೊಮ್ಮಗಳು ಬೇರೆ ದಾರಿ ಹೇಳಿದಳು. "ಒಳಗಿಂದ ಪಟ್ಟಿ ಕೊಟ್ಟು ಬೋಲ್ಟ್ ಮಾಡೋಣ ತಾತ. ಓಟ ಮುಗಿದ ಮೇಲೆ ಬಿಚ್ಚಬಹುದು."

ಮಾಡಿದೆ. ಬೋಲ್ಟು ಹಿಡಿಯಿತು, ಆದರೆ ತಿರುಚಿದ ಅಂಚು ಎಲ್ಲೋ ಒಂದು ಕಡೆ ಬಾಯಿ ಬಿಡುತ್ತಿತ್ತು. ಬಡಿದಷ್ಟೂ ತಗಡು ಹಿಗ್ಗಿತು. ಒಂದೇ ಜಾಗ ಮೇಲೆ ಮೇಲೆ ಬಡಿದರೆ ತಗಡು ಹಾಗೇ, ಲಟ್ಟಿಸಿದ ರೊಟ್ಟಿ ಥರ ಅಗಲವಾಗುತ್ತದೆ. ಗಾವಡಗೆರೆ ರಸ್ತೆಯಲ್ಲಿ ಮತ್ತೆ ದಾರ ಎದ್ದು ನಿಂತವು, ಸ್ಟೇರಿಂಗು ಮತ್ತೆ ಹಗುರವಾಯಿತು. ಅಮ್ಮನ ಮುಖದಲ್ಲಿ ಹಳೇ ಹೆದರಿಕೆ ವಾಪಸು ಬಂದಿದ್ದು ಕಂಡೆ. ಹೊಸ ಮುಚ್ಚಳವನ್ನೇ ಬಡಿಯುವುದು ನನಗೆ ಗೊತ್ತು, ಅದಕ್ಕೂ ಸಮಯ ಬೇಕು. ಉಳಿದ ದಾರಿ ಒಂದೇ. ಮುಚ್ಚಳ ಬಾನೆಟ್ಟಿಗೆ ಸೇರಿಸಿ ಬೆಸೆದು, ಸಂದಿಯೇ ಇಲ್ಲದ ಹಾಗೆ ಮಾಡುವುದು. ಬೆಸೆಯುವ ಅಂಚಿಗೆ ಒಳಗಿನಿಂದ ತಾಗುತ್ತಿದ್ದ ಲೈಟು, ತೋಳು, ಮೋಟಾರು ಎಲ್ಲ ಕತ್ತರಿಸಿ ತೆಗೆಯಬೇಕು. ಬಂಪರಿನ ಕೆಳಗೆ ಎರಡು ಸಣ್ಣ ಲೈಟು ಕೂರಿಸಿದರೆ ಕೂಟದವರು ಒಪ್ಪುತ್ತಾರೆ. ಆದರೆ ಅದಕ್ಕೆ ಕಾನೂನಿನ ಎತ್ತರವಿಲ್ಲ. ಇನ್ನು ಮುಂದೆ ಅದು ಹಗಲಿನ ಕಾರು.

ಅಮ್ಮನಿಗೆ ನೇರವಾಗಿ ಹೇಳಿದೆ.

"ಆಮೇಲೆ ಬಿಚ್ಚೋಕೆ ಆಗ್ತದಾ ಮಿಸ್ತ್ರಿ?"

"ಇಲ್ಲ ಅಮ್ಮ. ಕತ್ತರಿಸಿದ್ದು ಕತ್ತರಿಸಿದ್ದೇ."

ಅವರು ಬಾನೆಟ್ಟಿನ ಮೇಲೆ ಕೈ ಇಟ್ಟರು. "ರಾತ್ರಿ ಓಡಿಸೋದು ನಾನು ಬಿಟ್ಟೇ ಎಷ್ಟೋ ಕಾಲ ಆಯ್ತು," ಅಂದರು, ನನಗಲ್ಲ, ಕಾರಿಗೆ. ಆಮೇಲೆ ನನ್ನ ಕಡೆ ತಿರುಗಿ, "ಮಾಡು," ಅಂದರು.

ಮೊಮ್ಮಗಳು ಆ ದಿನ ಕಾಲೇಜಿಗೆ ಹೋಗಿದ್ದಳು. ಫೋನಿನಲ್ಲಿ ಹೇಳಿದೆ. "ತಾತ, ಸ್ವಲ್ಪ ಯೋಚನೆ ಮಾಡು. ಓಟ ಮುಂದಿನ ವರ್ಷಾನೂ ಇರುತ್ತೆ," ಅಂದಳು. "ನಿನ್ನ ಪ್ರಾಜೆಕ್ಟು ಮುಂದಿನ ವರ್ಷ ಇರುತ್ತಾ ಕೂಸೆ?" ಅಂದೆ. ಅವಳ ದಾರ ಒಂದೂ ಏಳಬಾರದು ಅನ್ನುವುದೇ ನನ್ನ ತಲೆ ತುಂಬ ಇತ್ತು. ಎದುರಿಗೆ ಕಪ್ಪೆಗಣ್ಣು ಎರಡು ಇದ್ದವು, ಆ ಥರದ್ದು ಇನ್ನು ಯಾರೂ ಮಾಡುವುದಿಲ್ಲ ಅಂತ ಅವಳೇ ಹೇಳಿದ್ದಳು. ಅದು ನೆನಪಾಗಲಿಲ್ಲ ಅಂತ ಹೇಳಿದರೆ ಸುಳ್ಳು. ನೆನಪಾಯಿತು, ಆದರೂ ಕಟ್ಟರು ಹಚ್ಚಿದೆ.

ನಾನು ಮಾಡಿದ ಕೆಲಸಗಳಲ್ಲಿ ಅಷ್ಟು ಚೆನ್ನಾಗಿ ಬಂದದ್ದು ಇನ್ನೊಂದಿಲ್ಲ. ತಗಡು ಕಾಯಬಾರದು, ಕಾದರೆ ಸೊಟ್ಟಗಾಗುತ್ತದೆ. ಅದಕ್ಕೆ ಚುಕ್ಕೆ ಚುಕ್ಕೆಯಾಗಿ, ಒದ್ದೆ ಬಟ್ಟೆ ಒತ್ತಿ ಆರಿಸಿಕೊಳ್ಳುತ್ತಾ ಬೆಸೆದೆ. ಅರ ಹಾಕಿ, ಉಜ್ಜಿ, ಅರಿಶಿನದ ಬಣ್ಣ ಹೊಡೆದೆ. ಅಲ್ಲಿ ಒಂದು ಕಣ್ಣಿತ್ತು ಅಂತ ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಅದೇ ಈಗ ನನ್ನನ್ನು ಚುಚ್ಚುವುದು. ಕೆಟ್ಟದಾಗಿ ಮಾಡಿದ್ದರೆ ಗಾಯವಾದರೂ ಕಾಣುತ್ತಿತ್ತು.

ಓಟಕ್ಕೆ ನಾನೂ ಮೊಮ್ಮಗಳೂ ಹೋದೆವು. ದೊಡ್ಡ ದೊಡ್ಡ ಕಾರುಗಳ ನಡುವೆ ನಮ್ಮದು ಹಳದಿ ಹಲ್ಲಿ. ಅಮ್ಮ ಹೆಲ್ಮೆಟ್ಟು ಹಾಕಿಕೊಂಡು ನಮ್ಮ ಕಡೆ ಹೆಬ್ಬೆರಳೆತ್ತಿದರು. ಹೋದರು. ಕಾರು ಸಣ್ಣದಾಗುತ್ತಾ ಆಗುತ್ತಾ ಬಿಸಿಲಲ್ಲಿ ಕರಗಿತು. ಒಂದೇ ಗೆರೆ, ಆ ಕಡೆ ಈ ಕಡೆ ಅಲುಗಾಟವಿಲ್ಲ. ವಾಪಸು ಬಂದಾಗ ಹೆಲ್ಮೆಟ್ಟು ತೆಗೆದರು, ಬಿಳಿ ಕೂದಲೆಲ್ಲ ಬೆವರು, ಕಣ್ಣಲ್ಲಿ ನೀರು.

"ಹೆದರಿಕೆಯೇ ಆಗಲಿಲ್ಲ ಮಿಸ್ತ್ರಿ," ಅಂದರು. "ಒಂದು ಚೂರೂ."

ಅವರು ಕೇಳಿದ್ದು ಅಷ್ಟೇ. ಅದನ್ನು ಕೊಟ್ಟೆವು. ಅದರಲ್ಲಿ ನನಗೆ ಬೇಜಾರಿಲ್ಲ. ಆ ವಿಷಯವನ್ನು ಇಲ್ಲಿ ಗಟ್ಟಿಯಾಗಿ ಬರೆದಿಡಬೇಕು.

ಸ್ವಲ್ಪ ದಿನಕ್ಕೆ ಫೋನು. "ತಾತ! ಫಸ್ಟು! ಇಡೀ ಕಾಲೇಜಿಗೆ ನನ್ನ ಪ್ರಾಜೆಕ್ಟೇ ಫಸ್ಟು! ಬ್ಯಾರನ್ ತಗಡಿನ ಮಾತು ಹೇಳ್ದಾಗ ಎಲ್ಲ ಸರ್‌ಗಳೂ ಚಪ್ಪಾಳೆ ಹೊಡೆದ್ರು!" ನಾನು ಶೆಡ್ಡಿನಿಂದ ಬಸ್‌ಸ್ಟಾಂಡಿನವರೆಗೆ ಮೈಸೂರುಪಾಕು ಹಂಚಿಕೊಂಡು ಹೋದೆ. ಗೊತ್ತಿಲ್ಲದವರಿಗೂ ತಿನ್ನಿಸಿದೆ. ಕಂಡಕ್ಟರೊಬ್ಬ, "ಯಾರ್ಗೆ ಮದುವೆ ತಾತ?" ಅಂದ. "ಮದುವೆಗಿಂತ ದೊಡ್ಡದು ಕಣೋ, ತಿನ್ನು," ಅಂದೆ.

ಅದೇ ವಾರ ಕೆ.ಆರ್. ನಗರದವನು ತಾನೇ ಬಂದ. ನಾನು ಬೇಡ ಅಂತ ಹೇಳುವುದನ್ನು ಮರೆತಿದ್ದೆ. ಸಂತೋಷದಲ್ಲಿ ಅದೂ ಹೋಯಿತು. ಬಾಳೆಎಲೆಯಲ್ಲಿ ಸುತ್ತಿ ತಂದಿದ್ದ ಎರಡು ಹಿತ್ತಾಳೆ ಗೇರು ನನ್ನ ಅಂಗೈಯಲ್ಲಿಟ್ಟ. ಚಿನ್ನದ ಬುಗುಡಿಯ ಹಾಗೆ ಹೊಳೆಯುತ್ತಿದ್ದವು. ಒಂದರ ಹಲ್ಲಿಗೆ ಇನ್ನೊಂದು ಕೂರಿಸಿ ತಿರುಗಿಸಿದೆ. ಕೂದಲಿನಷ್ಟೂ ಆಟವಿರಲಿಲ್ಲ.

"ಗಿರಣಿ ಕೆಲ್ಸ ಎಣಿಸಿದ್ದಕ್ಕಿಂತ ಬೇಗ ಮುಗೀತು ಕಣಣ್ಣ. ಎಲ್ಲಿ ಕಾರು, ಹಾಕಿ ನೋಡವ?"

ಟೀ ತರಿಸಿದೆ.

ಯುಗಾದಿ ಹತ್ತಿರ ಅಮ್ಮ ಮತ್ತೆ ಬಂದರು. ಬಾಗಿಲಿಗೆ ಯಾವುದೋ ಟ್ರಾಕ್ಟರು ಉಜ್ಜಿತ್ತು. ಗೋಡೌನಿನ ಟೀ ಹೊತ್ತು. ಹೊಗೆಸೊಪ್ಪು ಮುಗಿಯುತ್ತಾ ಬಂದಿದ್ದರಿಂದ ಹೆಂಗಸರು ಕಮ್ಮಿ, ಆದರೂ ಲೋಟ ಹಿಡಿದು ಓಡಿ ಬಂದರು. ಬೆಸೆದ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ಬೆಸೆದ ದಿನಗಳಲ್ಲಿ ಎಲೆಯ ಕೆಲಸ ಜಾಸ್ತಿಯಾಗಿ ಅವರು ಟೀಗೂ ಎದ್ದಿರಲಿಲ್ಲ.

"ಅಮ್ಮಾ, ಕಣ್ ಬುಡ್ಸಿ ಅಮ್ಮಾ! ಒಂದ್ ಸಲ!" ಅಂದಳು ಮೂಗುತಿಯವಳು.

ಅಮ್ಮ ಇನ್ನೂ ಸ್ಟೇರಿಂಗಿನ ಹಿಂದೆಯೇ ಇದ್ದರು. ಬೆರಳು ಹೋಯಿತು.

ಟಕ್.

ಅಷ್ಟೇ ಸದ್ದು. ಅದರ ಹಿಂದೆ ಮೋಟಾರಿನ ಕೂಗಿಲ್ಲ. ಹೆಂಗಸರು ಬಾನೆಟ್ಟನ್ನೇ ನೋಡುತ್ತಾ ನಿಂತರು. ಬೋಳು ತಗಡು ಬಿಸಿಲಿಗೆ ಹೊಳೆಯುತ್ತಿತ್ತು. ನಾನು ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟೆ. ಮೂಗುತಿಯವಳಿಗೆ ಏನೋ ತಿಳಿಯಿತು ಅನಿಸುತ್ತದೆ. "ಬನ್ರೇ, ಎಲೆ ಒಣಗ್ತದೆ," ಅಂತ ಉಳಿದವರನ್ನು ಕರೆದುಕೊಂಡು ಹೋದಳು.

ನಾನು ಕಾರಿನ ಬಾಗಿಲ ಹತ್ತಿರ ಹೋಗಿ ಬಗ್ಗಿದೆ.

"ಅಮ್ಮ, ಆ ಸ್ವಿಚ್ಚು ಸುಮ್ನೆ ಇದೆ. ವಯರು ಎಲ್ಲ ಕತ್ತರಿಸಿದೀನಿ. ಅದನ್ನೂ ತೆಗೆದು ಒಂದು ಮುಚ್ಚಳ ಕೂರಿಸಿಕೊಡ್ಲಾ?"

ಅವರು ಸ್ವಿಚ್ಚಿನ ಮೇಲಿಂದ ಬೆರಳು ತೆಗೆದಿರಲಿಲ್ಲ.

"ಬೇಡ ಮಿಸ್ತ್ರಿ. ಇರಲಿ. ಕೈಗೆ ಬೇಕು ಅದು."

ಬಾಗಿಲಿನ ಗೀರು ಸಂಜೆಯೊಳಗೆ ಸರಿ ಮಾಡಿದೆ. ಹಿತ್ತಾಳೆ ಗೇರು ಎರಡನ್ನೂ ಒಣಗಿದ ಬಾಳೆಎಲೆ ಬಿಚ್ಚಿ ಅವರ ಕೈಗೆ ಕೊಟ್ಟೆ. ಬೇರೆ ಏನು ಮಾಡಬೇಕೋ ತಿಳಿಯಲಿಲ್ಲ. ಅವರು ತಿರುಗಿಸಿ ನೋಡಿ, ಪ್ಯಾಂಟಿನ ಜೇಬಿಗೆ ಹಾಕಿಕೊಂಡರು. ಕಾರು ಶೆಡ್ಡಿನಿಂದ ಹೊರಟು ಪಿರಿಯಾಪಟ್ಟಣದ ಕಡೆ ತಿರುಗುವಾಗ, ಇಂಜಿನ್ನಿನ ಸದ್ದಿನೊಳಗೆ ಮತ್ತೊಂದು ಸಲ ಟಕ್ ಅಂದಿದ್ದು ನನಗೆ ಕೇಳಿಸಿತು.